ಮೂರು ಸಾವಿರ ಅಡಿ ಎತ್ತರದ ಸಮುದ್ರ

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿದೆಯೆಂಬುದನ್ನು ನಾವೆಲ್ಲರೂ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಪೂರ್ವಕ್ಕೆ ಹೋದರೂ ಸರಿ, ಪಶ್ಚಿಮಕ್ಕೆ ಹೋದರೂ ಸರಿ, ರಸ್ತೆಯಲ್ಲಿ 300 ಕಿಲೋಮೀಟರಿಗೂ ಹೆಚ್ಚು ಸಾಗದೆ ಕಡಲಿನ ಗಾಳಿ ಮುಖಕ್ಕೆ ತಗಲುವುದಿಲ್ಲ. ಇಷ್ಟು ಭೂಗೋಳ ಬಲ್ಲವನಾಗಿಯೂ ನಾನು ನನ್ನ ಮನೆಯ ಹಜಾರದಲ್ಲಿ ಒಂದು ಸಮುದ್ರವನ್ನು ಇಟ್ಟುಕೊಂಡಿದ್ದೇನೆ. ಉದ್ದ 4 ಅಡಿ, ಅಗಲ ಒಂದೂವರೆ ಅಡಿ, ಆಳವೂ ಅಷ್ಟೇ. ನೀರು ಸುಮಾರು 250 ಲೀಟರು. ಇದನ್ನು ಕಟ್ಟಿದವನು ನನ್ನ ಮಗ. ಆಸ್ತಿಯು ತಂದೆಯಿಂದ ಮಗನಿಗೆ ಬರುವುದು ಲೋಕರೂಢಿ. ನಮ್ಮ ಮನೆಯಲ್ಲಿ ಮಾತ್ರ ಅದು ಮಗನಿಂದ ತಂದೆಗೆ ಬಂದಿತು.

2019ರಲ್ಲಿ, ಅವನು ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾಗ, ಒಂದು ಭಾನುವಾರ ನಾಲ್ವರು ಆಳುಗಳು ಗಾಜಿನ ತೊಟ್ಟಿಯೊಂದನ್ನು ಹೊತ್ತು ತಂದರು. ಅದಕ್ಕೆ ಸ್ಥಳವಾಗಬೇಕೆಂದು ನಮ್ಮ ಷೋಕೇಸು ಜಾಗ ಖಾಲಿ ಮಾಡಿತು. ಚನ್ನಪಟ್ಟಣದ ಗೊಂಬೆಗಳು, ಸೋದರತ್ತೆ ಕಾಶಿಯಿಂದ ತಂದ ಗಂಗೆಯ ತಂಬಿಗೆ, ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಗೆದ್ದ ಕಪ್ಪು, ಎಲ್ಲವೂ ಅಟ್ಟವನ್ನು ಸೇರಿದವು. ನಾನು ಹೆಚ್ಚು ಮಾತನಾಡಲಿಲ್ಲ. ಮೀನು ಸಾಕುವುದು ಸಿಗರೇಟು ಸೇದುವುದಕ್ಕಿಂತ ಮೇಲಲ್ಲವೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಮೊದಲ ಜಗಳ ಉಪ್ಪಿನ ವಿಷಯದಲ್ಲಿ ಹುಟ್ಟಿತು. ನನ್ನ ತಾಯಿ, ನಾವು ಆಯಿ ಎನ್ನುತ್ತೇವೆ, ಕುಮಟಾ ಸೀಮೆಯವಳು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಅವಳ ತಂದೆ ಲೆಕ್ಕ ಬರೆಯುತ್ತಿದ್ದರು. ಅವಳ ಬಾಲ್ಯವೆಲ್ಲ ಬಿಳಿಯ ಉಪ್ಪಿನ ರಾಶಿಗಳ ನಡುವೆ ಕಳೆದಿತ್ತು. ಅಂಥವಳ ಕಣ್ಣೆದುರಿಗೆ ಮೊಮ್ಮಗ ಒಂದು ದೊಡ್ಡ ಬಕೆಟ್ಟಿನ ಮುಚ್ಚಳ ತೆಗೆದು, “ಅಜ್ಜಿ, ಇದು ಸಮುದ್ರದ ಉಪ್ಪು, ಹೊರದೇಶದಿಂದ ಬಂದದ್ದು” ಎಂದ. ಕಿಲೋ ಒಂದಕ್ಕೆ ನೂರಾರು ರೂಪಾಯಿಯೆಂಬ ಸಂಗತಿಯನ್ನೂ ಅವನೇ ಬಾಯಿಬಿಟ್ಟ. ಆಯಿ ಚಿಟಿಕೆಯಷ್ಟು ತೆಗೆದು ನಾಲಗೆಗೆ ಹಚ್ಚಿ ನೋಡಿದಳು.

“ಈ ಉಪ್ಪಿಗಾಗಿ 1930ರಲ್ಲಿ ಅಂಕೋಲೆಯ ಜನ ಜೈಲಿಗೆ ಹೋದರು. ನೀನು ಪರದೇಶಕ್ಕೆ ದುಡ್ಡು ಕಳಿಸಿ ತರಿಸುತ್ತೀಯಲ್ಲೋ!” ಎಂದಳು. ಆಮೇಲೆ ಮತ್ತೊಮ್ಮೆ ರುಚಿ ನೋಡಿ, “ಕಹಿ ಇದೆ. ಕಹಿನೀರು ತೆಗೆಯದೆ ಮಾಡಿದ ಉಪ್ಪು” ಎಂದು ತೀರ್ಪು ಕೊಟ್ಟಳು.

ಆ ತೀರ್ಪು ಎಷ್ಟು ಶಾಸ್ತ್ರೀಯವಾದದ್ದೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಒಂದು ಕಿಲೋ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ಬಹುಪಾಲು ನಾವು ಅಡುಗೆಗೆ ಬಳಸುವ ಉಪ್ಪೇ. ಆದರೆ ಉಳಿದ ಅಲ್ಪಭಾಗದಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟಾಸಿಯಂ, ಗಂಧಕದ ಲವಣಗಳೆಲ್ಲ ಸೇರಿವೆ. ಆಗರದಲ್ಲಿ ನೀರು ಬಿಸಿಲಿಗೆ ಇಂಗುತ್ತ ಹೋದಂತೆ ಸುಣ್ಣದ ಅಂಶ ಮೊದಲೇ ತಳಕ್ಕೆ ಇಳಿಯುತ್ತದೆ, ಆಮೇಲೆ ಉಪ್ಪು ಹರಳುಗಟ್ಟುತ್ತದೆ, ಮೆಗ್ನೀಸಿಯಂ ಕೊನೆಗೆ ಉಳಿದ ಕಹಿನೀರಿನಲ್ಲಿ ನಿಲ್ಲುತ್ತದೆ. ಆ ಕಹಿನೀರನ್ನು ಹೊರಗೆ ಬಿಟ್ಟರೇ ನಮಗೆ ಊಟದ ಉಪ್ಪು. ಹವಳಕ್ಕಾದರೋ ನಾವು ಬಿಟ್ಟದ್ದೆಲ್ಲವೂ ಬೇಕು. ಅದು ತನ್ನ ಮನೆ ಕಟ್ಟುವುದೇ ಸುಣ್ಣದಿಂದ. ಮೆಗ್ನೀಸಿಯಂ ಸಾಲದಿದ್ದರೆ ಆ ಸುಣ್ಣ ನೀರಿನಲ್ಲಿ ಕರಗಿ ನಿಲ್ಲದೆ ಪಂಪಿನ ಮೈಗೆ ಹತ್ತಿಕೊಳ್ಳುತ್ತದೆ. ಆದ್ದರಿಂದ ಅಡುಗೆಮನೆಯ ಡಬ್ಬದ ಉಪ್ಪಿನಿಂದ ಸಮುದ್ರ ಮಾಡಲು ಬರುವುದಿಲ್ಲ.

ನೀರಿನ ಕಥೆಯೂ ಹಾಗೆಯೇ. ನಲ್ಲಿಯ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕೊಳವೆಬಾವಿಯ ನೀರಿನ ವಿಷಯ ಪಾತ್ರೆಗಳ ಮೇಲಿನ ಬಿಳಿಕಲೆಯೇ ಹೇಳುತ್ತದೆ. ಎರಡನ್ನೂ ಶೋಧಕ ಯಂತ್ರಕ್ಕೆ ಹಾಯಿಸಿ, ಏನೇನೂ ಇಲ್ಲದ ಬರೀ ನೀರನ್ನು ಪಡೆದು, ಆಮೇಲೆ ಅದಕ್ಕೆ ಲೀಟರಿಗೆ 35 ಗ್ರಾಂನಂತೆ ಲವಣ ಬೆರೆಸಬೇಕು. ಇರುವುದನ್ನೆಲ್ಲ ತೆಗೆದು, ತೆಗೆದದ್ದರಲ್ಲಿ ಕೆಲವನ್ನು ದುಡ್ಡು ಕೊಟ್ಟು ಮರಳಿ ಸೇರಿಸುವ ಈ ವಿಧಾನ ನನ್ನಾಕೆಗೆ ಬಹುಕಾಲ ಅರ್ಥವಾಗಲಿಲ್ಲ. ನನಗೆ ಅರ್ಥವಾದಂತೆ ನಟಿಸಿದೆ.

ಅಂತೂ ತೊಟ್ಟಿ ತುಂಬಿತು. ಕಲ್ಲುಗಳನ್ನು ಜೋಡಿಸಿದ್ದಾಯಿತು, ಸುಟ್ಟ ಮಣ್ಣಿನ, ಮೈತುಂಬ ರಂಧ್ರಗಳಿರುವ ಕಲ್ಲುಗಳು. ಪಂಪು ತಿರುಗಿತು, ದೀಪ ಹೊತ್ತಿತು. ಮೀನು ಎಲ್ಲಿ? ಮೀನು ಇಲ್ಲ. ಆರು ವಾರ ಏನನ್ನೂ ಬಿಡಕೂಡದೆಂದು ಮಗ ಕಟ್ಟಪ್ಪಣೆ ಮಾಡಿದ. ನೆರೆಯವರು ಸುದ್ದಿ ಕೇಳಿ ನೋಡಲು ಬಂದರು. ಸೋಫಾದಲ್ಲಿ ಕುಳಿತು, ಕಾಫಿ ಕುಡಿಯುತ್ತ, ಬರಿಯ ನೀರನ್ನೂ ಕಲ್ಲನ್ನೂ ನೋಡಿ, “ಚೆನ್ನಾಗಿದೆ” ಎಂದು ಹೇಳಿ ಹೋದರು. ಎದುರುಮನೆಯ ನಿವೃತ್ತ ಹೆಡ್‌ಮಾಸ್ತರರು ಮಾತ್ರ ಕನ್ನಡಕ ತೆಗೆದು ಒರಸಿಕೊಂಡು ಮತ್ತೊಮ್ಮೆ ನೋಡಿ, ತಮ್ಮ ದೃಷ್ಟಿಯ ವಿಷಯದಲ್ಲಿಯೇ ಸಂದೇಹಪಟ್ಟಂತೆ ಕಂಡಿತು.

ಆ ಆರು ವಾರ ನಡೆಯುತ್ತಿದ್ದದ್ದು ಕಣ್ಣಿಗೆ ಕಾಣದ ಸಂಸಾರ. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಗಳು ಅದನ್ನು ತಿಂದು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡುತ್ತವೆ. ಅದು ಅಷ್ಟು ಕೆಟ್ಟದ್ದಲ್ಲ. ಈ ಎರಡು ಜಾತಿಗಳೂ ಕಲ್ಲಿನ ರಂಧ್ರಗಳಲ್ಲಿ ಮನೆಮಾಡಿ ಸಂಖ್ಯೆಯಲ್ಲಿ ಬೆಳೆಯುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಮಗ ದಿನಾ ಸಂಜೆ ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಔಷಧಿಯ ಹನಿ ಹಾಕಿ, ಬಣ್ಣ ನೋಡಿ, ಪುಸ್ತಕದಲ್ಲಿ ಬರೆದಿಡುತ್ತಿದ್ದ. ಪರೀಕ್ಷೆಗೆ ಅವನು ಹಾಗೆ ಓದಿದ್ದರೆ ಎಂಬ ಯೋಚನೆ ನನಗೆ ಬರಲಿಲ್ಲವೆಂದರೆ ಸುಳ್ಳಾದೀತು.

ಆ ದಿನಗಳಲ್ಲಿಯೇ ನನಗೂ ಈ ವಿದ್ಯೆಯ ಇತಿಹಾಸ ಓದುವ ಹುಚ್ಚು ಹಿಡಿಯಿತು. 1846ರಲ್ಲಿ ಅನ್ನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕಿ ಎಂಬ ಕಡಲೂರಿನಿಂದ ಕೆಲವು ಹವಳದ ಜೀವಿಗಳನ್ನು ಜಾಡಿಯಲ್ಲಿಟ್ಟು ಲಂಡನ್ನಿನ ತನ್ನ ಮನೆಗೆ ತಂದಳು. ಆಗ ವಿದ್ಯುತ್ ಪಂಪು ಎಲ್ಲಿಯದು? ನೀರಿಗೆ ಪ್ರಾಣವಾಯು ಸೇರಬೇಕೆಂದು ಮನೆಗೆಲಸದ ಹುಡುಗಿಯೊಬ್ಬಳು ತೆರೆದ ಕಿಟಕಿಯ ಮುಂದೆ ನಿಂತು, ದಿನವೂ ಅರ್ಧ ಮುಕ್ಕಾಲು ಗಂಟೆಯ ಕಾಲ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಆ ನೀರನ್ನು ಎತ್ತಿ ಎತ್ತಿ ಸುರಿಯುತ್ತಿದ್ದಳಂತೆ. ಯಜಮಾನಿಯ ಹೆಸರು ಚರಿತ್ರೆಯಲ್ಲಿ ಉಳಿಯಿತು. ಆ ಹುಡುಗಿಯ ತೋಳು ಎಷ್ಟು ನೋಯುತ್ತಿತ್ತೋ ಯಾರೂ ಬರೆದಿಟ್ಟಂತಿಲ್ಲ. ನೂರು ವರ್ಷಗಳಿಗೂ ಹೆಚ್ಚು ಕಾಲವಾದ ಮೇಲೆ, 1961ರಲ್ಲಿ, ಜಕಾರ್ತದ ಲೀ ಚಿನ್ ಎಂಗ್ ಎಂಬಾತ ಅಮೆರಿಕದ ಪತ್ರಿಕೆಯೊಂದರಲ್ಲಿ ತನ್ನ ವಿಧಾನವನ್ನು ಬರೆದ: ಕಡಲಿನಿಂದ ಜೀವಸಹಿತವಾಗಿ ತಂದ ಕಲ್ಲು, ಕಡಲಿನದೇ ನೀರು, ಸಣ್ಣಗೆ ಗಾಳಿಯ ಗುಳ್ಳೆ, ಇಷ್ಟೇ. ಕಡಲು ಅವನ ಊರಿನ ಅಂಚಿನಲ್ಲಿಯೇ ಇತ್ತು, ಪುಣ್ಯವಂತ.

ಏಳನೆಯ ವಾರ ಎರಡು ಮೀನುಗಳು ಬಂದವು. ಕೇಸರಿ ಬಣ್ಣದ ಮೈಗೆ ಮೂರು ಬಿಳಿ ಪಟ್ಟೆ. ಕ್ಲೌನ್ ಮೀನು ಎನ್ನುತ್ತಾರೆ. ಕಡಲಿನಲ್ಲಿ ಹಿಡಿದವಲ್ಲ, ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದವು. ಈ ಮೀನನ್ನು ಮರಿ ಮಾಡಿಸುವ ವಿದ್ಯೆಯನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರೇ ಮಂಡಪಂನಲ್ಲಿ ಸಾಧಿಸಿ ಅನೇಕರಿಗೆ ಕಲಿಸಿದ್ದಾರೆ. ಎರಡರಲ್ಲಿ ಯಾವುದು ಗಂಡು, ಯಾವುದು ಹೆಣ್ಣು ಎಂದು ಆಯಿ ಕೇಳಿದಳು. ಮಗ ಸ್ವಲ್ಪ ಸಂಕೋಚದಿಂದಲೇ ವಿವರಿಸಿದ. ಹುಟ್ಟುವಾಗ ಎಲ್ಲವೂ ಗಂಡು. ಗುಂಪಿನಲ್ಲಿ ಬಲಿಷ್ಠವಾದದ್ದು ಬೆಳೆದು ಹೆಣ್ಣಾಗುತ್ತದೆ. ಮನೆಯ ಆಳ್ವಿಕೆ ಅವಳದು. ಅವಳು ಸತ್ತರೆ ಗಂಡನೇ ಬೆಳೆದು ದೊಡ್ಡದಾಗಿ ಹೆಣ್ಣಾಗಿ ಆ ಸ್ಥಾನಕ್ಕೆ ಬರುತ್ತಾನೆ. ಕೇಳಿಸಿಕೊಂಡ ನನ್ನಾಕೆ ಅಡುಗೆಮನೆಯಿಂದಲೇ, “ಒಳ್ಳೆಯ ಪದ್ಧತಿ” ಎಂದಳು.

ಅವಳ ಸಂತೋಷ ಅಲ್ಲಿಗೇ ಮುಗಿಯಿತು. ಮೀನುಗಳ ಆಹಾರ ಮಂಜುಗಟ್ಟಿಸಿದ ಸಣ್ಣ ಸಿಗಡಿ. ಅದನ್ನಿಡಬೇಕಾದದ್ದು ನಮ್ಮ ಫ್ರಿಜ್ಜಿನಲ್ಲಿ. ನಾವು ಸಸ್ಯಾಹಾರಿಗಳು. ನನ್ನಾಕೆ ಮೈಸೂರಿನವಳು, ಈರುಳ್ಳಿಯನ್ನೇ ಹಬ್ಬದ ದಿನ ಮನೆಯೊಳಗೆ ತಾರದವಳು. ಮೂರು ದಿನ ಮನೆಯಲ್ಲಿ ಮೌನ. ಆಗ ತೀರ್ಮಾನ ಹೇಳಿದವಳು ಎಲ್ಲರಿಗಿಂತ ಮಡಿಯವಳಾದ ಆಯಿ. “ಮೀನಿಗೆ ಅನ್ನ ಸಾರು ಹಾಕುತ್ತೀಯಾ? ಮನೆಗೆ ಕರೆದುಕೊಂಡು ಬಂದ ಮೇಲೆ ಅದರ ಊಟ ಅದಕ್ಕೆ ಕೊಡಬೇಕು” ಎಂದಳು. ಕಡಲಿನ ದಂಡೆಯಲ್ಲಿ ಬೆಳೆದವಳಿಗೆ ಮೀನಿನ ವಾಸನೆ ಹೊಸದಲ್ಲ. ಒಂದು ಸ್ಟೀಲಿನ ಡಬ್ಬಿ, ಅದಕ್ಕೆ ಬಿಗಿಯಾದ ಮುಚ್ಚಳ, ಅದರ ಮೇಲೆ ಕೆಂಪು ದಾರ. ಆ ದಾರ ಇಂದಿಗೂ ಇದೆ.

ಹವಳದ ವಿಚಾರದಲ್ಲಿ ಮಾತ್ರ ಒಂದು ಕೆಟ್ಟ ಸಂಜೆಯನ್ನು ಹೇಳದೆ ಮುಂದೆ ಹೋಗಲಾರೆ. ಹವಳವೆಂದರೆ ಆಯಿಯ ಪೆಟ್ಟಿಗೆಯಲ್ಲಿರುವ ಕೆಂಪು ಮಣಿಯೆಂದೇ ನಾನು ತಿಳಿದಿದ್ದೆ. ಆ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ ಮಂದ ಬೆಳಕಿನಲ್ಲಿ ಬೆಳೆಯುವ ಒಂದು ಜೀವಿಯ ಅಸ್ಥಿ. ದಿಬ್ಬ ಕಟ್ಟುವ ಹವಳಗಳು ಬೇರೆ. ಅವು ಕಲ್ಲೂ ಅಲ್ಲ, ಗಿಡವೂ ಅಲ್ಲ. ಸಾಸಿವೆಯಷ್ಟೋ ಹೆಸರುಕಾಳಿನಷ್ಟೋ ಇರುವ ಸಾವಿರಾರು ಪ್ರಾಣಿಗಳ ವಠಾರ. ಅವುಗಳ ಮೈಯೊಳಗೆ ಸೂಕ್ಷ್ಮವಾದ ಪಾಚಿ ಬಾಡಿಗೆಗಿದ್ದು, ಬೆಳಕಿನಿಂದ ಅಡುಗೆ ಮಾಡಿ ಯಜಮಾನನಿಗೂ ಬಡಿಸುತ್ತದೆ. ನೀರು ಅತಿಯಾಗಿ ಕಾದರೆ ಈ ಬಾಡಿಗೆದಾರರು ಹೊರಬೀಳುತ್ತಾರೆ. ಬಣ್ಣ ಹೋಗಿ ಹವಳ ಬೆಳ್ಳಗಾಗುತ್ತದೆ, ಬಿಸಿ ಬೇಗನೆ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ.

ಒಂದು ಸಂಜೆ ಮಗನೊಡನೆ ನಾನೂ ಒಂದು ಅಂಗಡಿಗೆ ಹೋಗಿದ್ದೆ. ಅಂಗಡಿಯವನು ನಮ್ಮನ್ನು ಹಿಂದಿನ ಕೋಣೆಗೆ ಕರೆದು, ಪರದೆ ಸರಿಸಿ, ಒಂದು ತೊಟ್ಟಿಯನ್ನು ತೋರಿಸಿದ. ಜಿಂಕೆಯ ಕೊಂಬಿನಂತೆ ಕವಲೊಡೆದ, ತುದಿಯಲ್ಲಿ ನೀಲಿ ಹೊಳೆಯುವ ಹವಳ. “ನಮ್ಮ ಕಡಲಿನದೇ ಸಾರ್, ಮೊನ್ನೆ ಬಂತು” ಎಂದ. ನಾನು ಅಂಥ ಸೌಂದರ್ಯವನ್ನು ಹಿಂದೆ ಕಂಡಿರಲಿಲ್ಲ. ಬೆಲೆ ಕೇಳಿದವನು ನಾನೇ ಎಂಬುದನ್ನು ಒಪ್ಪಿಕೊಳ್ಳಬೇಕು. ಮಗ ನನ್ನ ತೋಳು ಹಿಡಿದು ಹೊರಗೆ ಕರೆತಂದ. ಬೀದಿಯಲ್ಲಿ ನಿಂತು ಹೇಳಿದ: ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲವೂ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರದ ಬೀಸಣಿಗೆಗಳು, ಕಡಲಕುದುರೆ, ದೈತ್ಯ ಕಪ್ಪೆಚಿಪ್ಪು, ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ, ಹುಲಿಗೆ ಯಾವ ರಕ್ಷಣೆಯೋ ಇವಕ್ಕೂ ಅದೇ. ಸತ್ತ ಹವಳದ ತುಂಡನ್ನಿಡುವುದೂ ಅಪರಾಧ. ನಮ್ಮ ತೊಟ್ಟಿಯ ಕಲ್ಲುಗಳು ಸುಟ್ಟ ಮಣ್ಣಿನವಾಗಿದ್ದದ್ದು ಏಕೆಂಬುದು ಆಗ ನನಗೆ ಹೊಳೆಯಿತು. “ಅಪ್ಪ, ನೇತ್ರಾಣಿಯಲ್ಲೋ ಲಕ್ಷದ್ವೀಪದಲ್ಲೋ ಯಾರೋ ಉಳಿಯಿಂದ ಒಡೆದು ತಂದದ್ದು ಅದು. ಹತ್ತು ಒಡೆದರೆ ಒಂದು ಇಲ್ಲಿಯವರೆಗೆ ಬದುಕಿ ಬರುತ್ತದೋ ಇಲ್ಲವೋ” ಎಂದ. ಇಪ್ಪತ್ತು ವರ್ಷದ ಹುಡುಗನಿಂದ ತಂದೆಯಾದವನು ಬೀದಿಯಲ್ಲಿ ನಿಂತು ಬುದ್ಧಿ ಹೇಳಿಸಿಕೊಂಡ ಆ ಗಳಿಗೆ ನನಗೆ ಅವಮಾನವೆನಿಸಲಿಲ್ಲ. ಬಸ್ಸಿನಲ್ಲಿ ಬರುವಾಗ ಇಬ್ಬರೂ ಮಾತನಾಡಲಿಲ್ಲ, ಅಷ್ಟೇ.

ನಮ್ಮ ತೊಟ್ಟಿಗೆ ಬಂದದ್ದು ಆ ಪಟ್ಟಿಯಲ್ಲಿಲ್ಲದ ಮೃದುಜಾತಿಗಳು, ಅದೂ ಮತ್ತೊಬ್ಬ ಹವ್ಯಾಸಿಯ ತೊಟ್ಟಿಯಲ್ಲಿ ಬೆಳೆದು ಕತ್ತರಿಸಿದ ತುಂಡುಗಳು: ಅಣಬೆಯಂಥದೊಂದು, ಚರ್ಮದ ಕೊಡೆಯಂಥದೊಂದು, ಅಂಗಿಯ ಗುಂಡಿಗಳನ್ನು ಸಾಲಾಗಿ ಹೊಲಿದಂತಿರುವ ಹಸಿರು ಗುಂಪೊಂದು. ಈ ಗುಂಡಿಗಳಲ್ಲಿ ಕೆಲವಕ್ಕೆ ಬಹಳ ಉಗ್ರವಾದ ವಿಷವಿರುತ್ತದಾದ್ದರಿಂದ ಕೈಗವಸಿಲ್ಲದೆ ಮುಟ್ಟಬಾರದು. ನನ್ನಾಕೆ ಅಂದಿನಿಂದ ತೊಟ್ಟಿಯ ಕಡೆಗೆ ಕೈಯನ್ನೇ ಚಾಚಲಿಲ್ಲ.

2022ರಲ್ಲಿ ಮಗ ಹೆಚ್ಚಿನ ಓದಿಗೆಂದು ಜರ್ಮನಿಗೆ ಹೋದ. ಹೋಗುವ ಮುನ್ನ ನೂರು ಪುಟದ ನೋಟುಪುಸ್ತಕ ಕೈಗಿಟ್ಟ. ಶಾಖ 25ರಿಂದ 26 ಡಿಗ್ರಿ. ಸಾಂದ್ರತೆ 1.025. ಕ್ಯಾಲ್ಸಿಯಂ ಲೀಟರಿಗೆ 400 ಮಿಲಿಗ್ರಾಂಗಿಂತ ಕಡಮೆಯಾಗಬಾರದು. ಪ್ರತಿ ಭಾನುವಾರ 25 ಲೀಟರು ಹಳೆಯ ನೀರು ತೆಗೆದು ಹೊಸದು ಹಾಕಬೇಕು. ನೊರೆ ತೆಗೆಯುವ ಯಂತ್ರದ ಬಟ್ಟಲನ್ನು ಎರಡು ದಿನಕ್ಕೊಮ್ಮೆ ತೊಳೆಯಬೇಕು. (ಆ ಬಟ್ಟಲಿನ ವಾಸನೆಯ ವರ್ಣನೆ ಪತ್ರಿಕೆಗೆ ತಕ್ಕದ್ದಲ್ಲ.) ವಿಮಾನ ನಿಲ್ದಾಣದಲ್ಲಿ ತಾಯಿಗೆ ನಮಸ್ಕರಿಸಿ, ಅಜ್ಜಿಯ ಕಾಲು ಮುಟ್ಟಿ, ನನ್ನ ಕಡೆಗೆ ತಿರುಗಿ, “ಆವಿಯಾದ ನೀರನ್ನು ದಿನಾ ತುಂಬುವುದು ಮರೆಯಬೇಡಿ, ಅಪ್ಪ” ಎಂದ. ನಮ್ಮ ಮನೆತನದಲ್ಲಿ ಗಂಡಸರು ಅಳುವುದಿಲ್ಲ. ಇಂಥ ಮಾತನ್ನಾಡುತ್ತಾರೆ.

ನಾನು ಮರೆಯಲಿಲ್ಲ. ಮರೆತಿದ್ದರೆ ಲೇಸಾಗುತ್ತಿತ್ತು. ದಿನಕ್ಕೆ ಮೂರು ಲೀಟರಿನಷ್ಟು ನೀರು ಆರುತ್ತಿತ್ತು. ಭಾನುವಾರಕ್ಕೆಂದು ಕಲಸಿಟ್ಟ ಉಪ್ಪುನೀರಿನಿಂದಲೇ ನಿತ್ಯ ಅದನ್ನು ತುಂಬಿದೆ. ಸಮುದ್ರಕ್ಕೆ ಸಮುದ್ರದ ನೀರು, ಇದರಲ್ಲಿ ತಪ್ಪೇನು? ಎರಡು ವಾರದೊಳಗೆ ಚರ್ಮದ ಕೊಡೆ ಮುದುಡಿತು, ಹಸಿರು ಗುಂಡಿಗಳು ಬಾಯಿ ಮುಚ್ಚಿದವು. ನಾನು ದೀಪವನ್ನು ಸಂಶಯಿಸಿದೆ, ಪಂಪನ್ನು ಸಂಶಯಿಸಿದೆ, ಕೊನೆಗೆ ಎದುರುಮನೆಯ ಹೆಡ್‌ಮಾಸ್ತರರ ದೃಷ್ಟಿಯನ್ನೂ ಸಂಶಯಿಸಿದೆ.

ಒಂದು ಬೆಳಗ್ಗೆ ಆಯಿ ತೊಟ್ಟಿಯ ಬಳಿ ನಿಂತು, ಗಾಜಿನ ಅಂಚಿಗೆ ಕಟ್ಟಿದ ಬಿಳಿಯ ಪೊರೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

“ತಮ್ಮಾ, ದಿನಾ ತುಂಬುವುದು ಯಾವ ನೀರು?”

“ಉಪ್ಪುನೀರು, ಆಯಿ.”

“ಬಿಸಿಲಿಗೆ ಹೋಗುವುದು ನೀರು. ಉಪ್ಪು ಎಲ್ಲಿಗೆ ಹೋಗುತ್ತದೆ? ನೀನು ಇಲ್ಲಿ ಆಗರ ಮಾಡುತ್ತಿದ್ದೀಯ.”

ನಾನು ಮಗನ ಪೆಟ್ಟಿಗೆಯಿಂದ ಸಾಂದ್ರತೆ ನೋಡುವ ದುರ್ಬೀನನ್ನು ಹುಡುಕಿ ತೆಗೆದು, ಒಂದು ಹನಿ ಇಟ್ಟು ಬೆಳಕಿಗೆ ಹಿಡಿದೆ. 1.030. ಮೂವತ್ತೆರಡು ವರ್ಷ ಲೆಕ್ಕಪತ್ರದ ಕಚೇರಿಯಲ್ಲಿ ಕೂಡುವುದು ಕಳೆಯುವುದು ಮಾಡಿದವನಿಗೆ ದಿನಕ್ಕೆ ನೂರು ಗ್ರಾಂ ಉಪ್ಪು ಜಮೆಯಾಗುತ್ತಿದೆಯೆಂಬ ಲೆಕ್ಕ ಹೊಳೆದಿರಲಿಲ್ಲ. ಅವಸರದಿಂದ ಸರಿಪಡಿಸಲು ಹೋದರೆ ಅದೂ ಆಘಾತವೇ. ದಿನಕ್ಕೆ ಸ್ವಲ್ಪ ಸ್ವಲ್ಪ ಉಪ್ಪುನೀರು ತೆಗೆದು ಶುದ್ಧ ನೀರು ಹಾಕುತ್ತ ಒಂದು ವಾರದಲ್ಲಿ ಇಳಿಸಿದೆ. ಕೊಡೆ ಬಿಚ್ಚಿತು. ಅಂದಿನಿಂದ ದುರ್ಬೀನಿನ ಅಂಕಿಯನ್ನು ಆಯಿಗೆ ವರದಿ ಮಾಡುವುದು ಮನೆಯ ನಿಯಮವಾಯಿತು.

2024ರ ಬೇಸಗೆಯನ್ನು ಬೆಂಗಳೂರಿನವರು ಮರೆತಿರಲಾರರು. ಕೊಳವೆಬಾವಿಗಳು ಬತ್ತಿದವು, ಟ್ಯಾಂಕರಿಗೆ ಸಾಲು ನಿಂತೆವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಮಾರ್ಚಿಯಲ್ಲಿ ಆಜ್ಞೆಯಾಯಿತು. ನಮ್ಮ ಶೋಧಕ ಯಂತ್ರವಾದರೋ ಒಂದು ಲೀಟರು ಶುದ್ಧ ನೀರು ಕೊಡುವುದಕ್ಕೆ ಮೂರು ಲೀಟರು ಹೊರಗೆ ಚೆಲ್ಲುತ್ತದೆ. ತೊಟ್ಟಿಗೆ ವಾರಕ್ಕೆ 45 ಲೀಟರಾದರೂ ಬೇಕು. “ಮನೆಯಲ್ಲಿ ಸಮುದ್ರವಿದೆ, ಸ್ನಾನಕ್ಕೆ ನೀರಿಲ್ಲ” ಎಂದು ನನ್ನಾಕೆ ಹೇಳಿದ್ದರಲ್ಲಿ ಅಲಂಕಾರವೇನೂ ಇರಲಿಲ್ಲ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಹೊರಚೆಲ್ಲುವ ನೀರನ್ನು ಹನಿ ಬಿಡದೆ ಬಕೆಟ್ಟುಗಳಲ್ಲಿ ಹಿಡಿದು ಪಾತ್ರೆಗೆ, ನೆಲಕ್ಕೆ, ಕಕ್ಕಸಿಗೆ ಬಳಸಿದೆವು; ಭಾನುವಾರದ 25 ಲೀಟರನ್ನು ಹತ್ತಕ್ಕೆ ಇಳಿಸಿದೆ. ಇನ್ನೊಬ್ಬರ ಮನೆಯಲ್ಲಿ ಕುಡಿಯಲು ಇಲ್ಲದಿರುವಾಗ ನಾನು ಹೀಗೆ ಮಾಡುವುದು ಸರಿಯೇ ಎಂದು ರಾತ್ರಿ ಕೇಳಿಕೊಳ್ಳುವುದು, ಬೆಳಗ್ಗೆ ಎದ್ದು ಮೀನುಗಳು ಗಾಜಿನ ಬಳಿ ಬಂದು ಬಾಯಿ ತೆರೆಯುವುದನ್ನು ನೋಡುವುದು, ಹೀಗೆ ದಿನ ಕಳೆದವು.

ನೀರಿನ ಶಾಖ 30ಕ್ಕೆ ಏರಿತು. ತೊಟ್ಟಿಯ ಮೇಲೆ ಫ್ಯಾನು ಕಟ್ಟಿ, ಮಣ್ಣಿನ ಹೂಜಿ ತಣ್ಣಗಾಗುವ ನ್ಯಾಯದಿಂದ ಎರಡು ಡಿಗ್ರಿ ಇಳಿಸಿದೆ. ಆದರೆ ಇಳಿದಷ್ಟೂ ನೀರು ಹೆಚ್ಚು ಆರಿತು. ಅದೇ ಏಪ್ರಿಲಿನಲ್ಲಿ ಜಗತ್ತಿನ ಹವಳದ ದಿಬ್ಬಗಳು ನಾಲ್ಕನೆಯ ಬಾರಿಗೆ ಭೂಮಂಡಲದಾದ್ಯಂತ ಬೆಳ್ಳಗಾಗುತ್ತಿವೆಯೆಂದು ವಿಜ್ಞಾನಿಗಳು ಸಾರಿದರು. ಲಕ್ಷದ್ವೀಪದ ಸುದ್ದಿಯೂ ಪತ್ರಿಕೆಯಲ್ಲಿ ಬಂದಿತು. ಅಲ್ಲಿಗೆ ಯಾರು ಫ್ಯಾನು ಕಟ್ಟಬೇಕು?

ಮೇ ತಿಂಗಳ ಮೊದಲ ವಾರ ಮಳೆ ಬಂತು. ಎಲ್ಲರೂ ಬಾಗಿಲಿಗೆ ಬಂದು ನಿಂತು ಸಂತೋಷಪಟ್ಟೆವು. ಏಳೂವರೆಗೆ ನಮ್ಮ ಬೀದಿಯ ಗುಲ್‌ಮೊಹರ್ ಮರ ತಂತಿಯ ಮೇಲೆ ಬಿದ್ದಿತು. ಇನ್‌ವರ್ಟರಿನ ಬ್ಯಾಟರಿ ಹಳೆಯದು; ಹತ್ತು ಗಂಟೆಗೆ ಅದೂ ಸೋತಿತು. ಇಂಥ ಸಮಯಕ್ಕೆಂದೇ ಮಗ ತಂದಿಟ್ಟ ಗಾಳಿಯ ಯಂತ್ರದಲ್ಲಿ ಸೆಲ್ಲುಗಳು ಸೋರಿ ತುಕ್ಕು ಹಿಡಿದಿದ್ದವು. ನೋಟುಪುಸ್ತಕದಲ್ಲಿ “ತಿಂಗಳಿಗೊಮ್ಮೆ ಸೆಲ್ಲು ನೋಡಿ” ಎಂದು ಕೆಂಪು ಮಸಿಯಲ್ಲಿ ಬರೆದಿತ್ತು.

ಪಂಪಿನ ಸದ್ದು ನಿಂತ ಹಜಾರ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಗಡಿಯಾರದ ಶಬ್ದ ಹೊಸದಾಗಿ ಕೇಳಿಸಿತು. ಬಿಸಿ ನೀರಿನಲ್ಲಿ ಪ್ರಾಣವಾಯು ಮೊದಲೇ ಕಡಮೆ. ಕತ್ತಲೆಯಲ್ಲಿ ಪಾಚಿಯೂ ಅದನ್ನು ಉಸಿರಾಡುತ್ತದೆ, ಬ್ಯಾಕ್ಟೀರಿಯವೂ ಉಸಿರಾಡುತ್ತದೆ. ಹನ್ನೊಂದರ ಹೊತ್ತಿಗೆ ಎರಡು ಮೀನುಗಳೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಆಗ ನನಗೆ ಲಂಡನ್ನಿನ ಆ ಹುಡುಗಿಯ ನೆನಪಾಯಿತು. ಸ್ಟೂಲಿನ ಮೇಲೆ ನಿಂತು ಚೊಂಬಿನಲ್ಲಿ ನೀರೆತ್ತಿ ಎತ್ತರದಿಂದ ಸುರಿಯತೊಡಗಿದೆ. ನನ್ನ ಭುಜ ಹನ್ನೆರಡಕ್ಕೇ ಶರಣಾಯಿತು. ನನ್ನಾಕೆ ಒಂದು ಮಾತೂ ಆಡದೆ ಕೈಗವಸು ತೊಟ್ಟು ಬಂದು, ಕಾಫಿಯ ದೊಡ್ಡ ಲೋಟಗಳೆರಡನ್ನು ಹಿಡಿದು, ಕಾಫಿ ಆರಿಸುವ ಹಾಗೆ ನೀಳವಾಗಿ ಎತ್ತಿ ಸುರಿದಳು. ನನ್ನ ಚೊಂಬಿಗಿಂತ ಅದರಲ್ಲಿ ಹೆಚ್ಚು ನೊರೆ ಬಂದಿತು. ಮೂವತ್ತು ವರ್ಷದ ಅಭ್ಯಾಸವಲ್ಲವೇ? ಆಯಿ ಮೇಣದಬತ್ತಿ ಹಿಡಿದು ಕುರ್ಚಿಯಲ್ಲಿ ಕುಳಿತಳು. ಮಲಗು ಎಂದರೆ ಕೇಳಲಿಲ್ಲ. ಸರದಿಯಲ್ಲಿ ಸುರಿಯುತ್ತ ಸುರಿಯುತ್ತ ನಾಲ್ಕೂವರೆಯಾಯಿತು. ಫ್ಯಾನು ತಿರುಗಿದ ಸದ್ದಿಗೆ ಮೂವರೂ ಬೆಚ್ಚಿಬಿದ್ದೆವು.

ಮರುದಿನ ಸಂಜೆ ದೊಡ್ಡದು, ಹೆಣ್ಣು ಮೀನು, ಕಲ್ಲಿನ ಸಂದಿಯಲ್ಲಿ ಮಗ್ಗುಲಾಗಿ ಬಿದ್ದಿತ್ತು. ಪಾರಿಜಾತದ ಗಿಡದ ಬುಡದಲ್ಲಿ ಹೂತೆ.

ಮಗನಿಗೆ ಹೇಳಲಿಲ್ಲ. ಅವನಿಗೆ ಆಗ ಪರೀಕ್ಷೆ; ಆಮೇಲೆ ಕೆಲಸದ ಸಂದರ್ಶನ; ಆಮೇಲೆ ಹೇಳುವುದಕ್ಕೆ ತಡವಾಗಿತ್ತು. ವಾರಕ್ಕೊಮ್ಮೆ ವಿಡಿಯೋದಲ್ಲಿ ಮಾತನಾಡುವಾಗ ಅವನು ತೊಟ್ಟಿ ತೋರಿಸೆನ್ನುತ್ತಿದ್ದ. ನಾನು ಫೋನನ್ನು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಿ, ಮೀನು ಒಮ್ಮೆ ಹೋದದ್ದನ್ನೂ ಮತ್ತೆ ಬಂದದ್ದನ್ನೂ ತೋರಿಸುತ್ತಿದ್ದೆ. “ಇನ್ನೊಂದು?” ಎಂದರೆ “ಕಲ್ಲಿನ ಹಿಂದಿದೆ” ಎನ್ನುತ್ತಿದ್ದೆ. ಲೆಕ್ಕದ ಕಚೇರಿಯಲ್ಲಿ ಇಂಥ ಕೈಚಳಕ ಮಾಡಿದವರನ್ನು ನಾನೇ ಹಿಡಿದುಕೊಟ್ಟದ್ದುಂಟು.

ಅಕ್ಟೋಬರಿನಲ್ಲಿ ನವರಾತ್ರಿ ಬಂತು. ಅಟ್ಟದಿಂದ ಗೊಂಬೆಗಳನ್ನಿಳಿಸಿ ತೊಟ್ಟಿಯ ಪಕ್ಕದಲ್ಲಿಯೇ ಮೆಟ್ಟಿಲು ಜೋಡಿಸಿದ್ದೆವು. ಮಗನಿಗೆ ಗೊಂಬೆ ತೋರಿಸುತ್ತಿದ್ದಾಗ ಮೀನು ಗಾಜಿನ ಬಳಿಗೆ ಬಂತು. ಅವನು ಬಹಳ ಹೊತ್ತು ನೋಡಿದ.

“ಅಪ್ಪ, ಆ ಮೀನು ಚಿಕ್ಕದಲ್ಲವೇ? ಇಷ್ಟು ದೊಡ್ಡದು ಹೇಗಾಯಿತು?”

ನಾನು ಮಾತನಾಡಲಿಲ್ಲ.

“ಅವಳು ಹೋಗಿ ಎಷ್ಟು ದಿನವಾಯಿತು?” ಎಂದ.

ಎಲ್ಲವನ್ನೂ ಹೇಳಿದೆ, ಸೆಲ್ಲಿನ ವಿಷಯವನ್ನೂ ಹೇಳಿದೆ. ಅವನು ಕೋಪಿಸಿಕೊಳ್ಳಲಿಲ್ಲ. ರಾತ್ರಿಯೆಲ್ಲ ನೀರು ಸುರಿದದ್ದನ್ನು ಎರಡೆರಡು ಸಲ ಕೇಳಿದ. “ಅಮ್ಮನೂ ಸುರಿದಳೇ?” ಎಂದು ಕೇಳಿದ. ಆಮೇಲೆ, “ನಿಮಗೆ ಕಷ್ಟವಾಗುತ್ತಿದೆ. ತೊಟ್ಟಿಯನ್ನು ಯಾರಿಗಾದರೂ ಕೊಟ್ಟುಬಿಡಿ, ಅಪ್ಪ. ನಾನು ಒಬ್ಬರನ್ನು ಕೇಳಿ ನೋಡುತ್ತೇನೆ” ಎಂದ. ಆಗಲಿ ಎಂದೆ. ನನ್ನಾಕೆ ಗೊಂಬೆಗಳ ಬಟ್ಟೆ ಸರಿಪಡಿಸುತ್ತ ಕುಳಿತಿದ್ದಳು. ತಿರುಗಿ ನೋಡದೆ, “ಕೊಡುವುದು ಬೇಡ. ಒಂದು ಚಿಕ್ಕ ಮೀನು ತಂದರೆ ಸಾಕು” ಎಂದಳು.

ವಿಜಯದಶಮಿ ಕಳೆದ ಭಾನುವಾರ ಚಿಕ್ಕದು ಬಂತು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು. ನೀರಿನ ಶಾಖ ಒಂದಾಗಲೆಂದು ಪ್ಲಾಸ್ಟಿಕ್ಕಿನ ಚೀಲವನ್ನು ಹಾಗೆಯೇ ತೊಟ್ಟಿಯ ಮೇಲೆ ತೇಲಬಿಟ್ಟೆವು. ದೊಡ್ಡದು ಚೀಲದ ಸುತ್ತ ಎರಡು ಸುತ್ತು ಬಂದು, ಮೂತಿಯಿಂದ ಒಮ್ಮೆ ತಿವಿಯಿತು. ನಾನು ದುರ್ಬೀನಿಗೆ ಒಂದು ಹನಿ ಹಾಕಿ ಕಿಟಕಿಯ ಬೆಳಕಿಗೆ ಹಿಡಿದೆ.

“ಎಷ್ಟಿದೆ ತಮ್ಮಾ?” ಎಂದಳು ಆಯಿ ಕುರ್ಚಿಯಿಂದ.

“1.025, ಆಯಿ.”

“ಹಾಗಾದರೆ ಬಿಡು” ಎಂದಳು.